ಅಳಿಯನ ಜೇಬು

ಕೆಟ್ಟು ನಿಂತ ಗಾಡಿಯ ಇಂಜಿನ್ನಿನಿಂದ ಅಳಿಯ ಬಿಚ್ಚಿದ ಪ್ರತಿಯೊಂದು ಸಾಮಾನೂ ಮೊದಲು ಮಾವನ ಕೈಗೆ ಬರಬೇಕಿತ್ತು. ಸ್ಟಾರ್ಟರ್ ಬಂತು, ಮಾವ ಅದಕ್ಕೆ ಬ್ಯಾಟರಿ ತಂತಿ ಮುಟ್ಟಿಸಿ, ಗಿರ್ರನೆ ತಿರುಗಿದ್ದು ನೋಡಿ ಬಲಗಡೆ ಇಟ್ಟ. ವಾಟರ್ ಪಂಪ್ ಬಂತು. ಕಿವಿಯ ಹತ್ತಿರ ಹಿಡಿದು ತಿರುಗಿಸಿ, ಸದ್ದಿಲ್ಲವೆಂದು ಖಾತ್ರಿಯಾದ ಮೇಲೆ ಅದನ್ನೂ ಬಲಗಡೆಗೇ ಇಟ್ಟ. ಒಳ್ಳೆಯವೆಲ್ಲ ಮಾವನ ಗ್ಯಾರೇಜ್ ಶೆಡ್ಡಿನ ಮೂಲೆಯಲ್ಲಿದ್ದ ಇನ್ನೊಂದು ಇಂಜಿನ್ನಿಗೆ. ಸಾಮಾನು ನೋಡಲು ಅವನಿಗೆ ಅರ್ಧ ಕಣ್ಣು ಸಾಕು. ಉಳಿದ ಒಂದೂವರೆ ಕಣ್ಣು ಅಳಿಯನ ಮೇಲಿತ್ತು.

“ನಾನು ಕೈಯಾರೆ ಹೊಸ ಫಿಲ್ಟರ್ ಹಾಕಿ, ಆಯಿಲ್ ತುಂಬಿಸಿ ಕೊಟ್ಟ ಗಾಡಿ. ಊರು ದಾಟೋದ್ರೊಳಗೆ ಇಂಜಿನ್ ಕಚ್ಚಿಕೊಂಡು ಸೀಜ್ ಆಗುತ್ತೆ ಅಂದ್ರೆ ಏನು ಕಥೆ?”

“ನನಗೂ ಅರ್ಥ ಆಗ್ತಿಲ್ಲ ಮಾವ. ಆಯಿಲ್ ಇಲ್ಲ ಅನ್ನೋ ಕೆಂಪು ದೀಪ ಹತ್ತಿದ ತಕ್ಷಣ ಪಕ್ಕಕ್ಕೆ ತಗೊಂಡೆ. ಆಫ್ ಮಾಡೋ ಮುಂಚೆನೇ ನಿಂತುಹೋಯ್ತು.”

“‘ನಾನು ನಿಲ್ಸಿದೆ, ಅಷ್ಟರಲ್ಲಿ ಅದೇ ನಿಂತಿತು’ ಅಂತೆ! ಚೆನ್ನಾಗಿದೆ. ಅಳಿಯ ಅಲ್ಲ, ಮಗಳ ಗಂಡ ಅಂದಂಗೆ. ದೀಪ ಹತ್ತಿದ ಮೇಲೂ ನೀವು ಓಡಿಸ್ತಾನೇ ಇದ್ರಿ, ಹೌದೋ ಅಲ್ವೋ?”

ಅಳಿಯ ಸ್ಪ್ಯಾನರ್ ಹುಡುಕಿದ. ಮಗಳು ತಾನೇ ಮೆಚ್ಚಿ ಮದುವೆಯಾದ ಹುಡುಗ ಇವನು; ಮಾವನಿಗೆ ಮೊದಲಿನಿಂದಲೂ ಅಷ್ಟಕ್ಕಷ್ಟೆ. ಏನು ಅಂದರೂ ಮಗಳು ಅಡ್ಡ ಬಂದು ಗಂಡನ ಪರ ನಿಲ್ಲುತ್ತಿದ್ದಳು. ಆದರೆ ನಿನ್ನೆ ಗಾಡಿಗೆ ಹಗ್ಗ ಕಟ್ಟಿ ಎಳೆದು ತಂದದ್ದನ್ನು ನೋಡಿ ಅವಳೇ ಸೋತುಹೋಗಿದ್ದಳು. “ಬಿಚ್ಚಿ ನೋಡಪ್ಪ. ಇವರದೇ ತಪ್ಪು ಅಂತಾದ್ರೆ ಇನ್ಮೇಲೆ ಇವರ ಪರ ನಾನು ಒಂದು ಮಾತೂ ಆಡಲ್ಲ,” ಅಂದಿದ್ದಳು. ಮಾವ ಇಂಥದೊಂದು ದಿನಕ್ಕೇ ಕಾದಿದ್ದ, ಅದರಲ್ಲಿ ಮುಚ್ಚುಮರೆ ಏನು ಬಂತು.

ಆಯಿಲ್ ಫಿಲ್ಟರ್ ತಿರುಪಿ ತೆಗೆದ ಅಳಿಯ ಒಂದು ಗಳಿಗೆ ತಡೆದ. ಇಂಜಿನ್ನಿನ ಆ ಬದಿಗೆ ಬಾಗಿ, ಉಗುರಿನಿಂದ ಏನನ್ನೋ ಎಬ್ಬಿಸಿ ತೆಗೆದ. ಕೈಯನ್ನು ಮೆಲ್ಲಗೆ ಪ್ಯಾಂಟಿನ ಜೇಬಿಗೆ ಇಳಿಸಿ, ಆಮೇಲೆ ಏನೂ ಆಗದವನಂತೆ ಫಿಲ್ಟರನ್ನು ಮಾತ್ರ ಮಾವನತ್ತ ಚಾಚಿದ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುತ್ತಿದೆ ಎಂದುಕೊಂಡ ಮಾವ.

“ಜೇಬಿಗೆ ಹಾಕಿದ್ದು ಏನದು?”

“ಏನಿಲ್ಲ ಮಾವ, ಕಸ.”

“ಕಸ ಯಾರಾದ್ರೂ ಜೇಬಲ್ಲಿ ಇಟ್ಕೊಳ್ತಾರಾ? ತೆಗಿ ಹೊರಗೆ!” ಬಹುವಚನ ಅಲ್ಲಿಗೆ ಬಿದ್ದುಹೋಯಿತು.

ಅಳಿಯ ತಲೆ ತಗ್ಗಿಸಿ ಅಂಗೈ ಬಿಚ್ಚಿದ. ಎರಡು ಕಪ್ಪು ರಬ್ಬರ್ ಉಂಗುರಗಳು, ಒಂದು ಹಳೆಯದು, ಒಂದು ಹೊಸದು. ಫಿಲ್ಟರಿನ ಬಾಯಿಗೆ ಇರಬೇಕಾದದ್ದು ಒಂದೇ. ಹಳೆಯ ಫಿಲ್ಟರ್ ತೆಗೆದಾಗ ಅದರ ಉಂಗುರ ಇಂಜಿನ್ನಿಗೇ ಕಚ್ಚಿಕೊಂಡು ಉಳಿದಿದೆ. ಅದನ್ನು ನೋಡದೆ ಮೇಲೆಯೇ ಹೊಸದನ್ನು ಕೂರಿಸಿದ್ದಾಗಿದೆ. ಗಾಡಿ ಓಡಿದ್ದೇ ತಡ, ಆ ಸಂದಿನಿಂದ ಆಯಿಲ್ ಎಲ್ಲ ರಸ್ತೆಗೆ ಚೆಲ್ಲಿದೆ. ದೀಪ ಹತ್ತುವ ಹೊತ್ತಿಗೆ ಒಳಗೆ ತೊಟ್ಟೂ ಉಳಿದಿರಲಿಕ್ಕಿಲ್ಲ. ಕೆಲಸ ಕಲಿಯಲು ಬಂದವರನ್ನು ಇದೇ ತಪ್ಪಿಗೆ ಮಾವ ಬಾಯಿಗೆ ಬಂದಂತೆ ಬೈದದ್ದುಂಟು. ಈಗ ನಾಚಿಕೆಯಿಂದ ಅವನ ಕಿವಿ ಬಿಸಿಯಾಯಿತು.

“ಗೊತ್ತಾಯ್ತಾ ಅಪ್ಪ?” ಬಾಗಿಲಲ್ಲಿ ಮಗಳು ನಿಂತಿದ್ದಳು.

ಅಳಿಯ ಥಟ್ಟನೆ ಮುಷ್ಟಿ ಬಿಗಿದು ಬೆನ್ನ ಹಿಂದೆ ಮಾಡಿಕೊಂಡ. “ನಂದೇ ತಪ್ಪು. ದೀಪ ಹತ್ತಿತ್ತು, ನೋಡದೆ ಓಡಿಸಿಬಿಟ್ಟೆ.”

ಮಗಳ ಮುಖ ಬಾಡಿತು. ಇಷ್ಟು ದಿನ ಮಾವ ಬಯಸಿದ್ದು ಈ ಮಾತನ್ನೇ. ಇನ್ನು ಅವನು ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು. ಆದರೆ ಎದ್ದು, ಅಳಿಯನ ಕೈಯನ್ನು ಹಿಂದಿನಿಂದ ಎಳೆದು, ಬೆರಳು ಬಿಡಿಸಿ, ಎರಡೂ ಉಂಗುರಗಳನ್ನು ಮಗಳ ಅಂಗೈಗೆ ಹಾಕಿದ.

“ಒಂದರ ಮೇಲೊಂದು ಇವನ್ನ ಕೂರಿಸಿದವನು ನಾನು. ಇವನ ಮಾತು ಮಾತ್ರ ನಂಬಬೇಡ ಕಣಮ್ಮ. ಹಸಿ ಸುಳ್ಳು ಹೇಳ್ತಾನೆ.”