ಎಲ್ಲವೂ ಒಂದು ಗಂಟೆಗೆ

ಮಗಳು ತವರಿಗೆ ಬಂದು ನಾಲ್ಕು ದಿನವಾಗಿತ್ತು. ಹುಬ್ಬಿನ ಮೇಲೆ ಮೂರು ಹೊಲಿಗೆ. ಹುಳಿ ಬಿಸಿಯಾಗಿದ್ದು ಪಲ್ಯ ಆರಿಹೋಗಿದೆಯೆಂದು ಗಂಡ ತಟ್ಟೆ ಎಸೆದಿದ್ದ.

"ನಾನು ಮತ್ತೆ ಅಲ್ಲಿಗೆ ಹೋಗಲ್ಲಮ್ಮ."

"ಈಗ ಆ ಮಾತೆಲ್ಲ ಯಾಕೆ? ಹುರುಳಿಕಾಯಿ ಹೆಚ್ಚು," ಎಂದಳು ತಾಯಿ. "ಇವತ್ತು ಅಡುಗೆ ಪೂರ್ತಿ ನಿಂದೇ. ಒಂದು ಗಂಟೆಗೆ ಎಲ್ಲಾ ಒಟ್ಟಿಗೆ ಆಗಬೇಕು, ಎಲ್ಲಾ ಬಿಸಿ ಇರಬೇಕು."

"ಅದೇ ನನಗೆ ಬರದೇ ಇರೋದು."

"ಡಿಗ್ರಿ ಮಾಡಿದವಳಿಗೆ ಒಂದು ಗಂಟೆಯಿಂದ ಹಿಂದಕ್ಕೆ ಎಣಿಸೋಕೆ ಬರಲ್ವೇನೆ? ಬೇಳೆ ಮೊದಲು. ಕುಕ್ಕರ್ ಕೂಗೋಷ್ಟರಲ್ಲಿ ಮಸಾಲೆ ರುಬ್ಬು. ಹುಳಿ ಕುದಿಯೋಕೆ ಬಿಟ್ಟು ಅನ್ನಕ್ಕಿಡು. ಅನ್ನ ಇಳಿಸಿದ ಮೇಲೇ ಪಲ್ಯದ ಒಗ್ಗರಣೆ. ಹಪ್ಪಳ ಕೊನೆಗೆ."

"ನಿನಗೆ ಇದನ್ನೆಲ್ಲ ಯಾರು ಕಲಿಸಿದ್ರು?"



"ನಿಮ್ಮಪ್ಪ."

"ಅಪ್ಪಂಗೆ ಅಡುಗೆ ಬರತ್ತಾ?"

"ಅಡುಗೆ ಬರಲ್ಲ."

ತಾಯಿ ಏನನ್ನೂ ಮುಟ್ಟದೆ ಬಾಗಿಲಿಗೆ ಒರಗಿ ನಿಂತಳು. ಆಗಾಗ ಗಡಿಯಾರ ನೋಡುತ್ತಿದ್ದಳು. ಒಂದಕ್ಕೆ ಎರಡು ನಿಮಿಷವಿರುವಾಗ ಮಗಳು ಕೊನೆಯ ಹಪ್ಪಳವನ್ನು ಎಣ್ಣೆಯಿಂದ ಎತ್ತಿದಳು. ಒಂದೊಂದು ಪಾತ್ರೆಯಿಂದಲೂ ಹಬೆ ಏಳುತ್ತಿತ್ತು. ಬಂದ ಮೇಲೆ ಮೊದಲ ಸಲ ಅವಳು ನಕ್ಕಳು.

"ಆಯ್ತಲ್ಲಮ್ಮ! ಇಷ್ಟೇನಾ ಇದು?"

"ಇಷ್ಟೇ ಕಣೆ. ಮರೀಬೇಡ."

ಹೊರಗೆ ಬೈಕ್ ನಿಂತ ಸದ್ದಾಯಿತು.

"ಅಪ್ಪ ಇಷ್ಟು ಬೇಗ ಬಂದ್ರಾ?"

ತಾಯಿ ಅವಳ ಮುಖ ನೋಡಲಿಲ್ಲ.

"ಅಳಿಯಂದಿರು ಕಣೆ. ಊಟ ಹಿಡಿಸಿದ್ರೆ ಇವತ್ತೇ ಕರ್ಕೊಂಡು ಹೋಗ್ತೀನಿ ಅಂದಿದ್ದಾರೆ."