ಹಳೆಯ ಕರೆಂಟ್ ಕಂಪನಿ

"ಬಿಟ್ಟು ಹೋಗ್ಬೇಡಿ ಮಿಸ್ಟರ್ ಪ್ರೈಸ್," ಎಂದಳು ಫೋನಿನಲ್ಲಿ ಹಳೆಯ ಕರೆಂಟ್ ಕಂಪನಿಯ ಹೆಂಗಸು. "ಇಷ್ಟು ವರ್ಷ ನಮ್ಜೊತೆ ಇದ್ರಿ. ಹೊಸ ಮನೆಗೂ ನಮ್ಮನ್ನೇ ಕರ್ಕೊಂಡ್ಹೋಗಿ. ನಿಮ್ಮನ್ನ ಉಳಿಸ್ಕೊಳ್ಳೋಕೆ ನಾವೇನು ಮಾಡ್ಬೇಕು, ಹೇಳಿ."

ಎಮ್ರಿಸ್ ಪ್ರೈಸ್ ಫೋನನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡ. ಸ್ವಾನ್ಸಿ ಊರಿನ ಈ ಒಂಟಿ ಕೋಣೆಗೆ ಮೊದಲಿಂದಲೂ ಬೇರೆ ಕಂಪನಿಯ ಕರೆಂಟ್ ಇತ್ತು. ಹಳೆಯ ಮನೆಯ ಖಾತೆಯಿಂದ ತನ್ನ ಹೆಸರು ತೆಗೆಯಲು ಹೇಳಿ ಫೋನಿಡುವುದಷ್ಟೇ ಅವನ ಕೆಲಸವಾಗಿತ್ತು. ಅವನು ಕುಳಿತಿದ್ದ ರಟ್ಟಿನ ಪೆಟ್ಟಿಗೆಯ ಮೇಲೆ ಹೆಂಡತಿ ಬೆಥನ್ ತನ್ನ ದುಂಡನೆಯ ಅಕ್ಷರದಲ್ಲಿ 'ಎಮ್ರಿಸ್, ಚಳಿಗಾಲದ ಬಟ್ಟೆ' ಎಂದು ಬರೆದು ಚೀಟಿ ಅಂಟಿಸಿದ್ದಳು. ಬೆಳಿಗ್ಗೆ ಅವನು ಇಬ್ಬರೂ ಇದ್ದ ಮನೆ ಬಿಟ್ಟು ಹೊರಡುವಾಗ, ಪೆಟ್ಟಿಗೆಗಳು ತಾಗದಂತೆ ಬಾಗಿಲು ಹಿಡಿದು ನಿಂತಿದ್ದಳು. "ಕೆಟಲ್ ನೀನೇ ತಗೊಂಡ್ಹೋಗು, ನಾನು ಹೊಸದು ತಗೋತೀನಿ," ಎಂದಿದ್ದಳು. ಅಷ್ಟೇ.

ಎಮ್ರಿಸ್‌ನ ಉಗುರು ಚೀಟಿಯ ಅಂಚನ್ನು ಕೆರೆಯುತ್ತಿತ್ತು.

"ಲೈನಲ್ಲಿದೀರಾ ಮಿಸ್ಟರ್ ಪ್ರೈಸ್?"

"ಇದೀನಿ. 'ಬಿಟ್ಟು ಹೋಗ್ಬೇಡಿ' ಅನ್ನೋ ಮಾತು ನಿಮ್ಗೆ ಬರೆದು ಕೊಟ್ಟಿರ್ತಾರೆ, ಅಲ್ವಾ? ಬಿಟ್ಟು ಹೋಗೋರಿಗೆಲ್ಲ ಓದಿ ಹೇಳೋಕೆ?"

ಆಚೆ ಕಡೆಯವಳು ತಡವರಿಸಿದಳು. "ಹೂಂ," ಎಂದಳು ಸಣ್ಣ ದನಿಯಲ್ಲಿ.

"ಪರವಾಗಿಲ್ಲ," ಎಂದ ಎಮ್ರಿಸ್. "ಇನ್ನೊಂದ್ಸಲ ಓದಿ. ಸ್ವಲ್ಪ ನಿಧಾನಕ್ಕೆ."