ಕೆಸರಿನಡಿಯ ತಗ್ಗು

ಯಂತ್ರದಲ್ಲಿ ತೊಳೆಸಿಕೊಂಡು ಹೊರಬಂದ ಕಾರಿನ ಮುಂಭಾಗ ತಗ್ಗಾಗಿದ್ದನ್ನು ಕಂಡು ನೀಲವ್ವ ಕೆಂಡವಾದಳು. ಒಳಗೆ ಬಿಡುವಾಗ ಅಲ್ಲಿ ಬರೀ ಕೆಸರಿತ್ತು.

"ನಿಮ್ಮ ಬ್ರಷ್ಷೇ ಬಡದೈತಿ, ಪರಿಹಾರ ಕೊಡ್ರಿ," ಎಂದು ಮ್ಯಾನೇಜರನೊಂದಿಗೆ ಜಗಳಕ್ಕೆ ನಿಂತಳು.

"ಕಾರನ್ನ ಕೇಳೂಣ ಬರ್ರಿ, ಅಕ್ಕಾರ," ಎಂದ ಅವನು. ಕಾರುಗಳು ಮಾತು ಕಲಿತ ಮೇಲೆ ಇಂಥ ತಕರಾರುಗಳಲ್ಲಿ ಅವುಗಳ ಸಾಕ್ಷಿಯೇ ಕಡೆಯ ಮಾತು.

"ಬ್ರಷ್ ಬಡದಿಲ್ಲ," ಎಂದಿತು ಕಾರು.

"ಇದಕ್ಕ ಪುಕ್ಕಟೆ ಪಾಲಿಶಿನ ಆಸೆ ತೋರಿಸೀರಿ! ಸಾಕಿದಾಕಿಗೇ ಎರಡು ಬಗೀತೈತಿ."

ಬ್ರಷ್ಷಿನ ಗುರುತು ತೋರಿಸಲೆಂದು ನೀಲವ್ವ ತಗ್ಗಿನಲ್ಲಿ ಬೆರಳಾಡಿಸಿದಳು. ಅಂಚಿಗೆ ಹಳದಿ ಸೀರೆಯ ಚೂರೊಂದು ಸಿಕ್ಕಿಕೊಂಡಿತ್ತು. ಇವತ್ತು ನಸುಕಿನಲ್ಲಿ ಕಾರು ಒಯ್ದವನು ತಮ್ಮ ಮಹಾಂತೇಶ. ಎಲ್ಲೂ ಮಳೆಯಿಲ್ಲದಿದ್ದರೂ ಕಾರಿಗೆ ಕೆಸರು ಮೆತ್ತಿಸಿಕೊಂಡು ತಂದಿದ್ದ.

ಅವಳು ಬಗ್ಗಿ ಮೆಲ್ಲಗೆ ಕೇಳಿದಳು: "ಮಾಂತು ಯಾರಿಗೆ ಗುದ್ದಿದ?"

"ಹೆಸರು ಗೊತ್ತಿಲ್ಲಕ್ಕಾ. ಹೇಳಬ್ಯಾಡ ಅಂತ ನನ್ನ ಗಾಲಿ ಹಿಡಕೊಂಡು ಅತ್ತಾನ."

"ಆಕಿ ಬದುಕ್ಯಾಳೇನು?"

"ಬಿಟ್ಟು ಬರೂವಾಗ ಉಸಿರಾಡ್ತಿದ್ದಳು."

ಮ್ಯಾನೇಜರ್ ಏನೋ ಹೇಳುತ್ತಲೇ ಇದ್ದ. ನೀಲವ್ವ ಕಾರು ಹತ್ತಿ ಬಾಗಿಲು ಹಾಕಿಕೊಂಡಳು.

"ಆ ಜಾಗಕ್ಕ ನಡಿ," ಎಂದಳು, "ಎಷ್ಟು ಜೋರು ಆಗ್ತೈತೋ ಅಷ್ಟು."